ಬಸ್ಸಿಳಿದ ಮೊಟ್ಟೆಗಳು

ಕಾವಿಗಿಡುವ ಮೊಟ್ಟೆಯನ್ನು ಬಸ್ಸಿನಲ್ಲಿ ತರಿಸುವವನು ಜಾಣನಲ್ಲ ಎಂಬುದು ನಮ್ಮ ಬೀದಿಯ ಒಮ್ಮತದ ತೀರ್ಮಾನ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಿದೆ, ಅಲ್ಲಿಂದ ಕಾವೇರಿ ತಳಿಯ ಮರಿ ತರುವವರಿದ್ದಾರೆ. ಹೆಬ್ಬಾಳದಲ್ಲಿ ಗಿರಿರಾಜ ಹುಟ್ಟಿತು, 2005ರಲ್ಲಿ ಸ್ವರ್ಣಧಾರ ಬಂತು. ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದು ಬಲ್ಬಿನ ಕೆಳಗೆ ಬಿಟ್ಟರೆ ಮುಗಿಯಿತು, ಕೊಟ್ಟ ದುಡ್ಡಿಗೆ ತಕ್ಕ ಮರಿ ಕಣ್ಣೆದುರಿಗೇ ಓಡಾಡುತ್ತವೆ. ಮೊಟ್ಟೆಯಾದರೆ ದಾರಿಯಲ್ಲಿ ಒಡೆದೀತು, ಬಿಸಿಲಿಗೆ ಕೆಟ್ಟೀತು, ಮೊದಲಿನಿಂದಲೇ ಗೊಡ್ಡಾಗಿದ್ದೀತು. ದೂರದಿಂದ ಬಂದದ್ದರಲ್ಲಿ ಅರ್ಧ ಮರಿಯಾದರೂ ಪುಣ್ಯ ಎನ್ನುವುದು ಈ ಹುಚ್ಚು ಹತ್ತಿದವರೆಲ್ಲ ಒಪ್ಪುವ ಮಾತು. ಹಾಗಿದ್ದೂ ನಾನು ತರಿಸುತ್ತೇನೆ. ಮರಿಯಾಗಿ ಕೈಗೆ ಬಂದದ್ದರಲ್ಲಿ ಸ್ವಾರಸ್ಯದ ಅರ್ಧ ಆಗಲೇ ಬೇರೆ ಯಾರದೋ ಮನೆಯಲ್ಲಿ ಮುಗಿದುಹೋಗಿರುತ್ತದೆ. ನನಗೆ ಬೇಕಾಗಿರುವುದು ಆ ಇಪ್ಪತ್ತೊಂದು ದಿನ.

ಅಷ್ಟಕ್ಕೂ ಮೊಟ್ಟೆಗೆ ಪ್ರಯಾಣ ಒಗ್ಗದ ವಿಷಯವೇನೂ ಅಲ್ಲ. ಹ್ಯಾಟೆ ದಿನಕ್ಕೊಂದರಂತೆ, ನಡುನಡುವೆ ಒಂದು ದಿನ ಬಿಟ್ಟು, ಹತ್ತು ಹನ್ನೆರಡು ಇಟ್ಟಾದ ಮೇಲಷ್ಟೇ ಕಾವಿಗೆ ಕೂರುತ್ತದೆ. ಮೊದಲನೆಯದಕ್ಕೂ ಕೊನೆಯದಕ್ಕೂ ಎರಡು ವಾರದ ಅಂತರವಿದ್ದರೂ ಮರಿಗಳೆಲ್ಲ ಒಂದೇ ಹೊತ್ತಿಗೆ ಚಿಪ್ಪೊಡೆಯುತ್ತವೆ. ಕೋಳಿಯ ಹೊಟ್ಟೆಯೊಳಗಿರುವಾಗಲೇ ಒಂದು ದಿನದಷ್ಟು ಬೆಳೆದ ಭ್ರೂಣ, ಹೊರಬಂದು ತಣ್ಣಗಾದ ಕೂಡಲೇ ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ಸುತ್ತಲಿನ ಹವೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಅದಕ್ಕೆ ಕಾಯುವುದು ಸಲೀಸು. ಆ ಕಾಯುವ ಗುಣವನ್ನೇ ನಾವು ಬಸ್ಸು ಹತ್ತಿಸುತ್ತೇವೆ. ಒಂದು ವಾರ ಮೀರಿದರೆ ಮಾತ್ರ ಅದರ ತಾಳ್ಮೆ ಸವೆಯತೊಡಗುತ್ತದೆ, ದಿನ ಕಳೆದಂತೆಲ್ಲ ಮರಿಯಾಗುವ ಸಂಭವ ಇಳಿಯುತ್ತದೆ. ಆದ್ದರಿಂದ ಕಳಿಸುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಬೆಲೆಯದಲ್ಲ. ಎಂದು ಇಟ್ಟ ಮೊಟ್ಟೆ ಎಂಬುದು.

ಎರಡನೆಯದು ಕಾಲ. ಕಾರ್ತಿಕ ಕಳೆದು ಚಳಿ ಬಿದ್ದ ಮೇಲೆ ಮಾಘದವರೆಗೆ ಧಾರಾಳವಾಗಿ ತರಿಸಬಹುದು. ಯುಗಾದಿ ಹತ್ತಿರ ಬಂತೆಂದರೆ ಬೇಡ. ಬೇಸಿಗೆಯಲ್ಲಿ ಬಸ್ಸಿನ ಡಿಕ್ಕಿಯೇ ಅರೆಬರೆ ಇನ್‌ಕ್ಯುಬೇಟರ್ ಆಗುತ್ತದೆ. ಭ್ರೂಣ ಬೆಳೆಯಲು ಶುರುಮಾಡುತ್ತದೆ, ರಾತ್ರಿ ತಂಪಿಗೆ ನಿಲ್ಲುತ್ತದೆ, ಮತ್ತೆ ಹಗಲಿಗೆ ಹೊರಡುತ್ತದೆ. ಹೀಗೆ ಎರಡು ಸಲ ಎಬ್ಬಿಸಿ ಮಲಗಿಸಿದರೆ ಮೂರನೆಯ ಸಲ ಏಳುವುದಿಲ್ಲ.

ಪಾರ್ಸಲ್ ಬರುವ ದಿನ ಬೆಳಿಗ್ಗೆ ಐದೂವರೆಗೇ ಬಸ್ ನಿಲ್ದಾಣದಲ್ಲಿರುತ್ತೇನೆ. ಒಮ್ಮೆ ಕಂಡಕ್ಟರ್ ಪೆಟ್ಟಿಗೆ ಕೈಗೆ ಕೊಡುತ್ತಾ, "ಏನ್ ಸಾರ್ ಇದ್ರಲ್ಲಿ? ರಾತ್ರಿಯೆಲ್ಲ ನನ್ ಸೀಟಿನ ಪಕ್ಕಾನೇ ಇಟ್ಕಂಡಿದೀನಿ, ಅಲ್ಲಾಡಿಸ್ಬೇಡಿ ಅಂತ ಬರ್ದವ್ರೆ" ಎಂದರು.

"ಕೋಳಿಮೊಟ್ಟೆ."

"ನಿಮ್ಮೂರಲ್ಲಿ ಸಿಗಲ್ವಾ ಸಾರ್?"

ಅವರ ಮುಖದಲ್ಲಿದ್ದದ್ದು ವ್ಯಂಗ್ಯವಲ್ಲ, ನಿಜವಾದ ಮರುಕ.

ಪೆಟ್ಟಿಗೆ ಬಿಚ್ಚುವುದೇ ಒಂದು ಸುಖ. ಅನುಭವಸ್ಥರು ಕಟ್ಟಿದ ಪೆಟ್ಟಿಗೆಯಾದರೆ ಮೇಲೆ ಕೆಳಗೆ ಭತ್ತದ ಹೊಟ್ಟು, ನಡುವೆ ಒಂದೊಂದು ಮೊಟ್ಟೆಗೂ ಪ್ರತ್ಯೇಕ ಕಾಗದ, ಚೂಪುತುದಿ ಕೆಳಗೆ. ಆ ಕಾಗದಗಳನ್ನು ನಾನು ಎಸೆಯುವುದಿಲ್ಲ, ಬಿಡಿಸಿ ಸಪಾಟು ಮಾಡಿ ಓದುತ್ತೇನೆ. ಚಿತ್ರದುರ್ಗದ ಕಡೆಯ ಮೊಟ್ಟೆಯ ಜೊತೆಗೆ ಅಲ್ಲಿನ ಕೊಳವೆಬಾವಿಯ ಜಾಹೀರಾತು, ಶಿರಸಿಯ ಮೊಟ್ಟೆಯ ಜೊತೆಗೆ ಅಡಿಕೆ ಧಾರಣೆ. ಯಾರದೋ ಶ್ರದ್ಧಾಂಜಲಿ, ಇನ್ಯಾರದೋ ಕಳೆದುಹೋದ ಅಂಕಪಟ್ಟಿ. ನಮ್ಮ ಜಿಲ್ಲೆಯ ಪತ್ರಿಕೆಯನ್ನೇ ನಾನು ಇಷ್ಟು ಆಸ್ಥೆಯಿಂದ ಓದಿದ್ದಿಲ್ಲ.

ಓದಿಗೆ ಬಿಡುವೂ ಇರುತ್ತದೆ, ಯಾಕೆಂದರೆ ಬಂದ ಮೊಟ್ಟೆಯನ್ನು ಆ ಕೂಡಲೇ ಕಾವಿಗೆ ಇಡುವಂತಿಲ್ಲ. ಇಲ್ಲಿ ಮೊಟ್ಟೆಯ ಅಗಲತುದಿಯ ಬಗ್ಗೆ ಎರಡು ಮಾತು ಹೇಳಬೇಕು. ಕೋಳಿಯ ಮೈಬಿಸಿಯಲ್ಲಿ ಹೊರಬರುವ ಮೊಟ್ಟೆ ಪೂರ್ತಿ ತುಂಬಿರುತ್ತದೆ. ತಣ್ಣಗಾಗುತ್ತಾ ಒಳಗಿನದು ಕುಗ್ಗುತ್ತದೆ. ಆಗ ಅಗಲತುದಿಯಲ್ಲಿ ಎರಡು ಪೊರೆಗಳು ಬೇರ್ಪಟ್ಟು ನಡುವೆ ಸ್ವಲ್ಪ ಗಾಳಿ ಸೇರಿಕೊಳ್ಳುತ್ತದೆ. ಬೇಯಿಸಿದ ಮೊಟ್ಟೆ ಸುಲಿದಾಗ ಒಂದು ಕಡೆ ಚಪ್ಪಟೆಯಾಗಿ ತಗ್ಗಿರುವುದು ಇದೇ ಜಾಗ. ಕಾವು ಮುಂದುವರಿದಂತೆ ಚಿಪ್ಪಿನ ಸಾವಿರಾರು ರಂಧ್ರಗಳಿಂದ ನೀರಿನಂಶ ಆವಿಯಾಗಿ ಆ ಗಾಳಿಗೂಡು ದೊಡ್ಡದಾಗುತ್ತಾ ಹೋಗುತ್ತದೆ. ಕೊನೆಗೆ ಮರಿ ತನ್ನ ಬಾಳಿನ ಮೊದಲ ಉಸಿರನ್ನು ಎಳೆದುಕೊಳ್ಳುವುದು ಅಲ್ಲಿಂದಲೇ. ಬಸ್ಸಿನ ಕುಲುಕಾಟಕ್ಕೆ ಸಡಿಲವಾಗುವುದೂ ದುರದೃಷ್ಟವಶಾತ್ ಇದೇ. ಒಳಪೊರೆ ಕಿತ್ತುಬಂದು ಗಾಳಿ ಒಂದು ಪಕ್ಕಕ್ಕೆ ಜಾರಿರುತ್ತದೆ, ಕೆಲವದರಲ್ಲಿ ಗುಳ್ಳೆಯಾಗಿ ಅಲೆಯುತ್ತಿರುತ್ತದೆ. ಅದಕ್ಕೆ ಮದ್ದೆಂದರೆ ವಿಶ್ರಾಂತಿ. ಚೂಪುತುದಿ ಕೆಳಗೆ ಮಾಡಿ ಟ್ರೇಯಲ್ಲಿ ನಿಲ್ಲಿಸಿ, ಮನೆಯ ತಂಪು ಮೂಲೆಯಲ್ಲಿ 24 ಗಂಟೆ ಮುಟ್ಟದೆ ಬಿಡುವುದು. ಪ್ರಯಾಣ ಮಾಡಿ ಬಂದವರಿಗೆ ಅಷ್ಟೂ ಉಪಚಾರ ಮಾಡದಿದ್ದರೆ ಹೇಗೆ?

ನನ್ನ ಇನ್‌ಕ್ಯುಬೇಟರ್ ಅಂಗಡಿಯದಲ್ಲ. ಔಷಧಿ ಅಂಗಡಿಯವರು ಬಿಸಾಡಿದ ದೊಡ್ಡ ಥರ್ಮೊಕೋಲ್ ಪೆಟ್ಟಿಗೆ, ಒಂದು ಬಲ್ಬು, ಹಳೆಯ ಕಂಪ್ಯೂಟರಿನ ಫ್ಯಾನು, ಬಿಸಿ ಅಳೆದು ಬಲ್ಬನ್ನು ಆರಿಸಿ ಹೊತ್ತಿಸುವ ಒಂದು ಪುಟ್ಟ ಸರ್ಕ್ಯೂಟು, ಮುಚ್ಚಳಕ್ಕೆ ಗಾಜಿನ ಕಿಟಕಿ. ಒಳಗಿರಬೇಕಾದ ಬಿಸಿ 37.5 ಡಿಗ್ರಿ. ನಮಗೆ ಬಂದರೆ ಹಣೆ ಮುಟ್ಟಿ ನೋಡಿಕೊಂಡು ರಜೆ ಹಾಕುವಷ್ಟು ಸಣ್ಣ ಜ್ವರ. ಆದ್ದರಿಂದ ಅದನ್ನು ತಾಳೆ ನೋಡಲು ಮನೆಯ ಜ್ವರದ ಥರ್ಮಾಮೀಟರಿಗಿಂತ ನಂಬಿಕಸ್ಥ ಸಾಧನ ಇನ್ನೊಂದಿಲ್ಲ. ಮೊಟ್ಟೆಯ ಒಂದು ಬದಿಗೆ ಪೆನ್ಸಿಲಿನಲ್ಲಿ ಸೊನ್ನೆ, ಇನ್ನೊಂದು ಬದಿಗೆ ಇಂಟು ಗುರುತು ಹಾಕಿ, ದಿನಕ್ಕೆ ಐದು ಸಲ ಹೊರಳಿಸುತ್ತೇನೆ. ಹೊರಳಿಸದಿದ್ದರೆ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. ಬೆಸ ಸಂಖ್ಯೆ ಯಾಕೆಂದರೆ ದೀರ್ಘವಾದ ರಾತ್ರಿಯನ್ನು ಮೊಟ್ಟೆ ಪ್ರತಿದಿನವೂ ಒಂದೇ ಮಗ್ಗುಲಲ್ಲಿ ಕಳೆಯಬಾರದು.

ಇದನ್ನೆಲ್ಲ ಅವ್ವ ಕುರ್ಚಿಯಲ್ಲಿ ಕೂತು ನೋಡುತ್ತಿರುತ್ತಾಳೆ. ಅವಳ ಪ್ರಕಾರ ಇದು ಆಟ. "ಯಾವ್ ಮೊಟ್ಟೆ ತಣ್ಣಗಾಗದೆ ಅಂತ ನಿನ್ ಬಲ್ಬಿಗೆ ಗೊತ್ತಾಯ್ತದೇನ್ಲಾ? ಕೋಳಿಗಾದ್ರೆ ಗೊತ್ತಾಯ್ತದೆ." ಮಾತು ನೂರಕ್ಕೆ ನೂರು ನಿಜ. ಕಾವು ಕೂತ ಹ್ಯಾಟೆ ಅಂಚಿನ ಮೊಟ್ಟೆಯನ್ನು ಕೊಕ್ಕಿನಿಂದ ಎಳೆದು ನಡುವಿಗೆ ಸೇರಿಸುತ್ತದೆ, ನಡುವಿನದನ್ನು ಅಂಚಿಗೆ ದೂಡುತ್ತದೆ. ಎದೆಯ ಪುಕ್ಕ ಉದುರಿ ಬರಿ ಚರ್ಮವೇ ಮೊಟ್ಟೆಗೆ ತಾಗುತ್ತದೆ. ಅವ್ವ ಕೋಳಿ ಕೂರಿಸುವ ಕ್ರಮಕ್ಕೆ ಒಂದು ಶಿಸ್ತಿದೆ. ಹಳೆಯ ಮಂಕರಿ, ಅದರಲ್ಲಿ ಮರಳು, ಮರಳ ಮೇಲೆ ಹುಲ್ಲು, ಹುಲ್ಲಿನ ಮೇಲೆ ಮೊಟ್ಟೆ. ಮೊಟ್ಟೆಗಳ ನಡುವೆ ಒಂದು ಚೂರು ಇದ್ದಿಲು, ಒಂದು ಕಬ್ಬಿಣದ ಮೊಳೆ. ಗುಡುಗಿಗೆ ಮೊಟ್ಟೆ ಕೆಡಬಾರದಲ್ಲ! ಗುಡುಗಿಗೂ ಇದ್ದಿಲಿಗೂ ಏನು ಸಂಬಂಧ ಎಂದು ಕೇಳುವ ವಿದ್ಯೆ ನನಗಿದೆ, ಧೈರ್ಯ ಇಲ್ಲ. ನನ್ನ ಮೆಷಿನ್ನಿನ ಮೂಲೆಯಲ್ಲೂ ಒಂದು ಚೂರು ಇದ್ದಿಲು ಬಂದು ಕೂತಿದೆ. ಯಾರಿಟ್ಟರೆಂದು ವಿಚಾರಿಸಿಲ್ಲ, ತೆಗೆದೂ ಇಲ್ಲ.

ಹಾಗಾದರೆ ಎಲ್ಲವನ್ನೂ ಕೋಳಿಗೇ ಒಪ್ಪಿಸಬಾರದೇಕೆ? ಕೋಳಿ ನಮ್ಮ ಪಾರ್ಸಲ್ಲಿನ ದಿನ ನೋಡಿಕೊಂಡು ಕಾವಿಗೆ ಬರುವುದಿಲ್ಲ ಎಂಬುದು ಒಂದು. ಗಿರಿರಾಜದಂಥ ಸುಧಾರಿತ ತಳಿಗಳು ಕಾವಿಗೆ ಕೂರುವುದನ್ನೇ ಮರೆತಿವೆ ಎಂಬುದು ಎರಡು. ನಿಜವಾದ ಕಾರಣ ಮೂರನೆಯದು: ಕೋಳಿ ನನಗೆ ಏನನ್ನೂ ನೋಡಗೊಡುವುದಿಲ್ಲ. ಹತ್ತಿರ ಹೋದರೆ ಮೈಯುಬ್ಬಿಸಿ ಗುರ್ರೆನ್ನುತ್ತದೆ. ಮೆಷಿನ್ನಿಗೆ ಅಂಥ ಸಂಕೋಚಗಳಿಲ್ಲ.

ಏಳನೆಯ ರಾತ್ರಿ ದೀಪ ಆರಿಸಿ, ಮೊಬೈಲಿನ ಟಾರ್ಚಿಗೆ ರಟ್ಟಿನ ಕೊಳವೆ ಸಿಕ್ಕಿಸಿ, ಒಂದೊಂದೇ ಮೊಟ್ಟೆಯನ್ನು ಅದರ ಬಾಯಿಗೆ ಹಿಡಿಯುತ್ತೇನೆ. ಗೊಡ್ಡು ಮೊಟ್ಟೆ ಪೂರಾ ಹಳದಿಯಾಗಿ ಬೆಳಗುತ್ತದೆ. ಬೆಳೆಯಲು ಶುರುವಾಗಿ ನಿಂತುಹೋದದ್ದರಲ್ಲಿ ರಕ್ತದ ಒಂದು ಉಂಗುರ ಕಾಣುತ್ತದೆ. ದೂರದ ಮೊಟ್ಟೆಗಳಲ್ಲಿ ಇದು ಹೆಚ್ಚು. ಜೀವವಿರುವುದರಲ್ಲಿ ಕವಲೊಡೆದ ಕೆಂಪು ನರಗಳು, ಅವುಗಳ ನಡುವೆ ಒಂದು ಕಪ್ಪು ಚುಕ್ಕೆ. ಅದು ಕಣ್ಣು. ಅದರ ಮೈಗೆಲ್ಲ ಕಣ್ಣೇ ದೊಡ್ಡದು. ಬೆಳಕು ಬಿದ್ದರೆ ಅಷ್ಟು ಸಣ್ಣದೂ ಒಮ್ಮೆ ಮಿಸುಕುತ್ತದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಗ್ರೀಸಿನ ಅರಿಸ್ಟಾಟಲ್ ಈ ಬೆಳವಣಿಗೆಯನ್ನು ಹಂತ ಹಂತವಾಗಿ ವರ್ಣಿಸಿ, ಮೂರು ಹಗಲು ರಾತ್ರಿಯ ಹೊತ್ತಿಗೆ ಹೃದಯವು ರಕ್ತದ ಚುಕ್ಕೆಯಾಗಿ ಮಿಡಿಯುವುದನ್ನು ಬರೆದಿಟ್ಟ. ಅವನ ಕಾಲಕ್ಕೆ ಮೊಟ್ಟೆ ಒಡೆಯದೆ ಅದನ್ನು ನೋಡುವ ದಾರಿಯಿರಲಿಲ್ಲ. ಮೊಬೈಲಿಗೆ ನಾನು ಕೃತಜ್ಞನಾಗಿರುವ ಸಂದರ್ಭಗಳು ಕಡಿಮೆ, ಇದು ಅವುಗಳಲ್ಲೊಂದು.

ಹದಿನೆಂಟನೆಯ ದಿನದ ಹೊತ್ತಿಗೆ ಮೊಟ್ಟೆ ಸುಮಾರು ನೂರಕ್ಕೆ ಹನ್ನೆರಡರಷ್ಟು ತೂಕ ಇಳಿಸಿರಬೇಕು. 50 ಗ್ರಾಮಿನ ನಾಟಿ ಮೊಟ್ಟೆಯಾದರೆ ಆರು ಗ್ರಾಮು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳುತ್ತೇನೆ. ತೂಕ ಇಳಿದಿಲ್ಲವೆಂದರೆ ಒಳಗೆ ತೇವ ಹೆಚ್ಚಾಗಿದೆ, ಗಾಳಿಗೂಡು ಸಣ್ಣದಾಗಿದೆ. ಕರೆಂಟು ಹೋದರೆ ಎದೆ ಹಾರಿಸಿಕೊಳ್ಳುವ ಅಗತ್ಯವಿಲ್ಲ. ಕೋಳಿಯೂ ದಿನಕ್ಕೊಂದು ಸಲ ಎದ್ದು ಕಾಲುಗಂಟೆ, ಇಪ್ಪತ್ತು ನಿಮಿಷ ಕಾಳು ನೀರಿಗೆ ಹೋಗಿಬರುತ್ತದೆ. ಅಷ್ಟರಲ್ಲಿ ಮೊಟ್ಟೆಗೇನೂ ಆಗುವುದಿಲ್ಲ. ಅದಕ್ಕೂ ಹೆಚ್ಚಾದರೆ ಬಿಸಿನೀರಿನ ಬಾಟಲಿ, ಮೇಲೊಂದು ಕಂಬಳಿ.

ಹದಿನೆಂಟಕ್ಕೆ ಹೊರಳಿಸುವುದು ಬಂದ್. ಒಳಗೆ ನೀರಿನ ತಟ್ಟೆ ಇನ್ನೊಂದು ಸೇರುತ್ತದೆ, ಮುಚ್ಚಳ ತೆಗೆಯುವಂತಿಲ್ಲ. ಮರಿ ಮೊದಲು ಒಳಪೊರೆಯನ್ನು ಚುಚ್ಚಿ ಆ ಗಾಳಿಗೂಡಿಗೆ ಕೊಕ್ಕು ತೂರಿಸುತ್ತದೆ. ಚಿಪ್ಪು ಇನ್ನೂ ಇಡಿಯಾಗಿಯೇ ಇರುತ್ತದೆ, ಆದರೆ ಒಳಗಿನಿಂದ ಕೀಚ್ ಎನ್ನುವ ದನಿ. ಕೋಳಿಯಾದರೆ ಇದಕ್ಕೆ ಮೆಲ್ಲಗೆ ಲೊಚಗುಟ್ಟಿ ಉತ್ತರ ಕೊಡುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ನಾನೂ ಕೊಡುತ್ತೇನೆ. ಆಮೇಲೆ ಕೊಕ್ಕಿನ ತುದಿಯಲ್ಲಿರುವ ಒಂದು ಬಿಳಿಯ ಗಡುಸು ಚೂಪಿನಿಂದ ಚಿಪ್ಪಿಗೆ ಮೊದಲ ಬಿರುಕು. ತಾಯಿ ಕುಕ್ಕಿ ಒಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಒಡೆಯುವುದು ಮರಿಯೇ, ಒಡೆಯಲೆಂದೇ ಬಂದ ಆ ಚೂಪು ಕೆಲವು ದಿನಕ್ಕೆ ಉದುರಿಹೋಗುತ್ತದೆ. ಮೊದಲ ಬಿರುಕಿನಿಂದ ಹೊರಬರುವವರೆಗೆ ಒಂದಿಡೀ ದಿನವೂ ಹಿಡಿಯಬಹುದು. ಮರಿ ಸುಸ್ತಾಯಿತು, ಸತ್ತೇ ಹೋಯಿತು ಎಂದು ನೋಡುವವರು ಒದ್ದಾಡುವುದು ಆವಾಗಲೇ. ಅದು ಸತ್ತಿರುವುದಿಲ್ಲ. ಪೊರೆಯ ನರಗಳಲ್ಲಿನ ರಕ್ತವನ್ನೂ ಉಳಿದ ಹಳದಿಯನ್ನೂ ಒಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಅವಸರಪಟ್ಟು ಚಿಪ್ಪು ಸುಲಿದರೆ ರಕ್ತ ಬರುತ್ತದೆ. ನನ್ನ ಹೆಂಡತಿ ಈ ಒಂದು ದಿನ ಮೆಷಿನ್ನಿನ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಅವ್ವನ ಕೈಗೆ ಕೊಡುವುದುಂಟು. ಅವ್ವ ಮಾತ್ರ ಹೋಗಿ ನೋಡಿ ಬಂದು, "ಇನ್ನೂ ಐತೆ ಬುಡು" ಎಂದು ವರದಿ ಒಪ್ಪಿಸುತ್ತಾಳೆ.

ಮರಿಗಳು ಒಣಗಿ ಹತ್ತಿಯಂತಾದ ಮೇಲೆ ತಳಿಯ ಪರೀಕ್ಷೆ. ಒಬ್ಬರು ಶುದ್ಧ ಕಡಕ್‌ನಾಥ್ ಎಂದು ಕಳಿಸಿದ್ದರು. ಮಧ್ಯಪ್ರದೇಶದ ಝಾಬುವಾದ ಈ ಕೋಳಿಗೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಪುಕ್ಕ, ಚರ್ಮ, ಮಾಂಸ, ಮೂಳೆಯವರೆಗೂ ಕಪ್ಪು. ಮೊಟ್ಟೆ ಮಾತ್ರ ಎಲ್ಲ ನಾಟಿ ಮೊಟ್ಟೆಗಳ ಹಾಗೆ ತಿಳಿಗಂದು. ಕರಿಮೊಟ್ಟೆ ಎಲ್ಲಿ ಎಂದು ಕೇಳಿಕೊಂಡು ಬರುವವರಿಗೆ ಉತ್ತರ ಹೇಳಿ ನನಗೆ ಸಾಕಾಗಿದೆ. ಆ ಮರಿಗಳಲ್ಲಿ ಒಂದು ಹೊರಬಂದಾಗ ಕತ್ತು ಬೋಳು. ಬೋಳುಕತ್ತಿನ ಗುಣ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಬಂದರೂ ಸಾಕು, ಮರಿಯಲ್ಲಿ ಎದ್ದು ಕಾಣುತ್ತದೆ. ಕಳಿಸಿದವರಿಗೆ ಫೋನು ಮಾಡಿದೆ. "ಛೇ, ನಮ್ ಹಿತ್ತಲಿಗೆ ಬೇರೆ ಹುಂಜ ಕಾಲಿಟ್ಟೇ ಇಲ್ಲ ಸಾರ್, ಪಕ್ಕದ್ಮನೆ ಬೋಳನ್ನ ಮಾರಿ ಹತ್ತು ದಿನ ಆದ್ಮೇಲೇನೇ ಆ ಮೊಟ್ಟೆ ಇಟ್ಟಿದ್ದು" ಎಂದರು. ಹ್ಯಾಟೆ ಒಮ್ಮೆ ಕೂಡಿದ ಹುಂಜದ ಬೀಜವನ್ನು ಒಳಗೇ ಕಾಪಿಟ್ಟುಕೊಂಡು ಎರಡು ವಾರದವರೆಗೂ ಫಲವಂತ ಮೊಟ್ಟೆ ಇಡಬಲ್ಲದು. ಹೀಗಾಗಿ ಬೋಳ ಊರು ಬಿಟ್ಟಿದ್ದ, ಅವನ ಸಾಕ್ಷಿ ಊರು ಬಿಟ್ಟಿರಲಿಲ್ಲ. ಶುದ್ಧ ತಳಿಯ ಹುಚ್ಚು ನನಗೆ ಅಷ್ಟಕ್ಕಷ್ಟೆ. ಬೋಳುಕತ್ತಿನದು ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ಮೈ. ಪುಕ್ಕ ಕಡಿಮೆ, ಸೆಕೆ ತಡೆಯುತ್ತದೆ. ನಮ್ಮ ಹಿತ್ತಲಿನ ಅತ್ಯುತ್ತಮ ಹ್ಯಾಟೆ ಈಗ ಅದೇ.

ಹಳದಿ ಕಾಲಿನ ಮರಿ ಬಂದಾಗ ನನಗೆ ಒಂದು ಗುಟ್ಟಿನ ಹೆಮ್ಮೆ. ಲೋಕದ ಕೋಳಿಗಳಿಗೆಲ್ಲ ಮೂಲ ಆಗ್ನೇಯ ಏಷ್ಯಾ ಕಡೆಯ ಕೆಂಪು ಕಾಡುಕೋಳಿಯೆಂದು ಹೇಳುತ್ತಾರಲ್ಲ, ಹಳದಿ ಚರ್ಮದ ವಂಶವಾಹಿ ಮಾತ್ರ ಅದರದಲ್ಲ, ನಮ್ಮ ಸಹ್ಯಾದ್ರಿಯಲ್ಲೂ ಕೂಗುವ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ತಳಿವಿಜ್ಞಾನಿಗಳು ತೋರಿಸಿದರು. ಪರದೇಶದ ಫಾರಂ ಕೋಳಿಯ ಹಳದಿ ಕಾಲನ್ನು ಚಿತ್ರದಲ್ಲಿ ಕಂಡರೂ ನಮ್ಮ ಕಡೆಯ ನೆಂಟರೆಂದು ಅನಿಸಿಬಿಡುತ್ತದೆ.

ಮೆಷಿನ್ನಿನ ಮರಿಗಳನ್ನು ಬಲ್ಬಿನಡಿ ಬೆಳೆಸುವುದಕ್ಕಿಂತ ಕಾವಿನಲ್ಲಿರುವ ಹ್ಯಾಟೆಯ ರೆಕ್ಕೆಯಡಿ ರಾತ್ರಿ ಮೆತ್ತಗೆ ತೂರಿಸುವುದು ನನಗಿಷ್ಟ. ಬೆಳಿಗ್ಗೆ ಎದ್ದರೆ ಎಲ್ಲವೂ ಅದರವೇ. ಚಿತ್ರದುರ್ಗದ್ದು, ಶಿರಸಿಯದು, ಕರಿಯದು, ಬೋಳಿನದು, ಯಾವುದನ್ನೂ ಅದು ವಿಳಾಸ ಕೇಳಿಲ್ಲ. ಅವ್ವ ಆಗ ಚುರುಕಾಗುತ್ತಾಳೆ. ಒಡೆದ ಮಡಕೆಗೆ ಸಗಣಿ, ಒದ್ದೆ ಹುಲ್ಲು ತುಂಬಿ ಗೆದ್ದಲಿನ ಜಾಗದಲ್ಲಿ ಬೋರಲು ಹಾಕಿಸುತ್ತಾಳೆ. ಬೆಳಗಾಗುವ ಹೊತ್ತಿಗೆ ಅದರ ತುಂಬ ಗೆದ್ದಲು. ಮರಿಗಳ ಮುಂದೆ ಕೊಡವಿದರೆ ಅರೆಗಳಿಗೆಯಲ್ಲಿ ಖಾಲಿ. ರಾಗಿ ನುಚ್ಚು, ಅಂಗಡಿಯ ಸ್ಟಾರ್ಟರ್ ಎಲ್ಲ ಇದರ ಮುಂದೆ ನೀರಸ. ಮೊದಲ ವಾರದಲ್ಲೇ ಕೊಕ್ಕರೆ ರೋಗಕ್ಕೆ ಲಸೋಟಾ ಲಸಿಕೆಯ ಹನಿ ಕಣ್ಣಿಗೆ ಬೀಳಬೇಕು. ಲಸಿಕೆಯ ಸೀಸೆ ನೂರಾರು ಮರಿಗಳ ಲೆಕ್ಕದ್ದು, ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಆ ದಿನ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಐಸು ಹಾಕಿಕೊಂಡು ಬೀದಿಯಲ್ಲಿ ಕೋಳಿಯಿರುವ ಮನೆಗಳಿಗೆಲ್ಲ ಹೊರಡುತ್ತೇನೆ. ನನ್ನನ್ನು ಜಾಣನಲ್ಲ ಎಂದವರೆಲ್ಲ ಆವತ್ತು "ಬನ್ನಿ ಡಾಕ್ಟ್ರೇ" ಎಂದು ಕಾಫಿ ಕೊಡುತ್ತಾರೆ.

ಬೆಳೆದ ಮೇಲಿನ ಸಂಸಾರ ಬೇರೆಯದೇ. ಯಾರು ಯಾರನ್ನು ಕುಕ್ಕಬಹುದು ಎಂಬ ಶ್ರೇಣಿಯನ್ನು ನಾರ್ವೆಯ ಶೆಲ್ಡರುಪ್ ಎಬ್ಬೆ ಎಂಬುವನು 1920ರ ದಶಕದ ಆರಂಭದಲ್ಲೇ ವಿವರಿಸಿದ್ದ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಳೆದ ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಕೂಗಿನ ವಿಷಯ ಮಾತ್ರ ಹೊಸದು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ ಎಂದು ಬೀಗಿದ ಅಜ್ಜಿಯ ಕತೆ ನಮಗೆಲ್ಲ ಗೊತ್ತು. ಹುಂಜ ಬೆಳಕು ಕಂಡು ಕೂಗುವುದಲ್ಲ, ಮೈಯೊಳಗಿನ ಗಡಿಯಾರ ನೋಡಿ ಬೆಳಕಿಗೆ ಮುಂಚೆಯೇ ಕೂಗುತ್ತದೆ ಎಂದು ಜಪಾನಿನ ವಿಜ್ಞಾನಿಗಳು 2013ರಲ್ಲಿ ಹೇಳಿದರು. ಗುಂಪಿನಲ್ಲಿ ಮೊದಲು ಕೂಗುವ ಹಕ್ಕು ಯಜಮಾನ ಹುಂಜದ್ದು, ಉಳಿದವು ಸರದಿಯಲ್ಲಿ ಎಂದೂ ಆಮೇಲೆ ತೋರಿಸಿದರು. ಅಜ್ಜಿಯದು ಜಂಬವೇ ಇರಬಹುದು, ಆದರೆ ಅವಳ ಹುಂಜ ಊರಿಗೇ ಯಜಮಾನನಾಗಿದ್ದರೆ?

ಈ ಸಿದ್ಧಾಂತವನ್ನು ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಮುಂದೆ ಮಂಡಿಸಿದೆ. ನಾಲ್ಕು ಗಂಟೆಗೆ ಎಚ್ಚರವಾದವರಿಗೆ ಸಿದ್ಧಾಂತ ರುಚಿಸುವುದಿಲ್ಲ. ಮೊಟ್ಟೆಯಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜವೇ ಆಗುವುದರಿಂದ ಅವರ ದೂರಿಗೆ ಆಧಾರವಿದೆ. ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಉಳಿದವಕ್ಕೆ ನಾನು ಹೆಸರಿಡುವುದಿಲ್ಲ. ಆರೇಳು ವಾರಕ್ಕೆ ಜುಟ್ಟು ಕೆಂಪೇರುವುದನ್ನು ಅವ್ವ ಎಲ್ಲರಿಗಿಂತ ಮೊದಲು ಗುರುತಿಸಿ, ಯಾವುದು ಮಾರಮ್ಮನ ಹಬ್ಬಕ್ಕೆ, ಯಾವುದು ತಂಗಿಯ ಮನೆಗೆ ಎಂದು ಹಂಚಿಯೂ ಬಿಡುತ್ತಾಳೆ. ಒಮ್ಮೆ ನಾನು ಗೊಣಗಿದೆ. "ಕೋಳಿ ಕೇಳಿ ಮಸಾಲೆ ಅರ್ದಾರಾ?" ಎಂದಳು. ಕೋಳಿಯ ಪರವಾಗಿ ಕೇಳುವವನು ನಾನಿದ್ದೇನಲ್ಲ ಎಂದೆ. "ಸಾರು ಉಣ್ಣೋವಾಗ ಯಾರ್ ಪರ ಇರ್ತೀಯ?" ನಾನು ಉತ್ತರ ಕೊಡಲಿಲ್ಲ.

ಲೆಕ್ಕದ ಮಾತೂ ಆಗಿಬಿಡಲಿ. ಹಿತ್ತಲಿನ ಕೋಳಿ ಲಾಭದಾಯಕ ಎಂದು ಯಾರಾದರೂ ಹೇಳಿದರೆ ಅವರು ಮರಿಯನ್ನೋ ಮೇವನ್ನೋ ಮಾರುವವರೇ ಇರಬೇಕು. ಮುಂಗುಸಿ, ಹದ್ದು, ಬೀದಿನಾಯಿಗಳ ಪಾಲು ಕಳೆದು, ಜಾಲರಿ, ತವುಡು, ಕರೆಂಟು, ಪಾರ್ಸಲ್ಲು ಕೂಡಿಸಿದರೆ ನಮ್ಮ ಒಂದು ಆಮ್ಲೆಟ್ಟಿನ ಬೆಲೆಯಲ್ಲಿ ಹೋಟೆಲಿನಲ್ಲಿ ಊಟವೇ ಆಗುತ್ತದೆ. ಮನೆಯ ಜಮಾಖರ್ಚು ಬರೆಯುವವಳು ನನ್ನ ಹೆಂಡತಿ. ಕೋಳಿಮೇವನ್ನು ಆಕೆ ದಿನಸಿಗೆ ಸೇರಿಸಿದ್ದಾಳೆ. ಬಸ್ಸಿನ ಮೊಟ್ಟೆಗಳ ಖರ್ಚನ್ನು ಮಾತ್ರ 'ಸಿನಿಮಾ, ಇತ್ಯಾದಿ' ಎಂಬ ಕಲಮ್ಮಿನಲ್ಲಿ ಬರೆಯುತ್ತಾಳೆ. ನಾವು ಸಿನಿಮಾಕ್ಕೆ ಹೋಗಿ ಬಹಳ ಕಾಲವಾಯಿತು. ಈ ತಿಂಗಳು ಆ ಕಲಮ್ಮು ಇನ್ನೂ ಖಾಲಿಯಿದೆ, ಚಳಿ ಬೇರೆ ಶುರುವಾಗಿದೆ.